ಅಂಟಿಸಿಬಿಟ್ಟ ಚಾವಣಿ

ಗಡಿಯಾರ ರಿಪೇರಿ ಮಾಡುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಕಣ್ಣೆದುರು ಏನಾದರೂ ಸಣ್ಣದು ಕಂಡರೆ ಅದೇನೆಂದು ನೋಡುವ ಮೊದಲೇ ಊದಿಬಿಡುವುದು. ಹಲ್ಲುಚಕ್ರದ ನಡುವೆ ಒಂದು ಎಳೆ ಹತ್ತಿ ಸಿಕ್ಕಿಕೊಂಡರೂ ವಾಚು ನಿಂತುಹೋಗುತ್ತದೆ, ಅದಕ್ಕೇ ಈ ಅಭ್ಯಾಸ. ಉಪ್ಪಿಟ್ಟಿನ ಮೇಲಿದ್ದ ಸಾಸಿವೆಯನ್ನು ನಾನು ಊದಿದ್ದು ಕಂಡು ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ಚಾಳಿ ನಗುವಂಥದ್ದೇ ಎಂದು ನಾನೂ ಬಹಳ ಕಾಲ ನಂಬಿದ್ದೆ.

ನಮ್ಮ ಮನೆ ಪಾಂಡವಪುರದಲ್ಲಿ. ನನ್ನ ಅಂಗಡಿ ಶ್ರೀರಂಗಪಟ್ಟಣದಲ್ಲಿ, ಅವಳು ಟೀಚರಾಗಿದ್ದ ಪ್ರೈಮರಿ ಶಾಲೆಯೂ ಅಲ್ಲೇ. ಬೆಳಗ್ಗೆ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ತುಳಿಯುತ್ತಿದ್ದೆ. ಸೈಕಲ್ಲನ್ನು ಟೀ ಅಂಗಡಿಯ ಹಿಂದೆ ನಿಲ್ಲಿಸಿ ಬೀಗ ಹಾಕಿ ಬರುವಷ್ಟರಲ್ಲಿ ಮಂಡ್ಯದ ಕಡೆಯಿಂದ ಮೀಟರ್ ಗೇಜಿನ ಗಾಡಿ ಬಂದು ನಿಂತಿರುತ್ತಿತ್ತು. ಅವಳು ಮೊದಲೇ ಓಡಿ, ಕಿಟಕಿಯ ಸರಳುಗಳ ಸಂದಿಯಿಂದ ಕರ್ಚೀಫು ಎಸೆದು ಸೀಟು ಹಿಡಿದಿರುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಹತ್ತಿ, ಕರ್ಚೀಫು ಎತ್ತಿ ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂರುತ್ತಿದ್ದೆ. ಕಾಲು ಗಂಟೆಯ ಪ್ರಯಾಣಕ್ಕೆ ಇಷ್ಟೆಲ್ಲ ಸಡಗರ ಯಾಕೆ ಎಂದು ನಾನು ರೇಗಿಸಿದರೆ, 'ಕಾಲು ಗಂಟೆ ಆದ್ರೂ ಕೂತ್ಕಂಡೇ ಓಗನ' ಎನ್ನುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು. ನಮಗೆ ಮಕ್ಕಳಿರಲಿಲ್ಲ. ಆ ಕಾಲು ಗಂಟೆಯೇ ನಮ್ಮ ಸಂಸಾರದ ಮಾತುಕತೆಯ ಹೊತ್ತು.

ತೊಂಬತ್ತರ ದಶಕದ ಮೊದಲಿಗೆ ಕಿರಿದಾದ ಹಳಿ ಕಿತ್ತು ಅಗಲದ ಹಳಿ ಹಾಕುವ ಕೆಲಸ ಶುರುವಾಯಿತು. ಗಾಡಿ ನಿಂತಿತು, ನಾವು ಬಸ್ಸು ಹಿಡಿದೆವು. ಅವಳಿಗೆ ಉಸಿರು ಕಟ್ಟಿದಂತಾಗಲು ಶುರುವಾದದ್ದೂ ಆಗಲೇ. ಬಸ್ಸಿನ ಮೆಟ್ಟಿಲು ಎತ್ತರ, ಅದಕ್ಕೇ ಎಂದು ನಾನು ಅಂದುಕೊಂಡೆ. ಇಂಥ ಮೂರ್ಖನಿಗೆ ಏನು ಹೇಳುವುದು? ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಅವಳ ಹೃದಯದ ಕವಾಟ ಕೆಟ್ಟಿದೆ, ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು ಎಂದರು. ಸರದಿ ಬರುವವರೆಗೆ ರಜೆ ಹಾಕಿ ಮನೆಯಲ್ಲೇ ಇರಬೇಕು, ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು.

ಅದೇ ಸಮಯಕ್ಕೆ ನನ್ನ ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಒಂದು ರಟ್ಟಿನ ಪೆಟ್ಟಿಗೆ ತಂದರು. ನಿವೃತ್ತರು, ಮನೆಯಲ್ಲಿ ಪುಟ್ಟ ರೈಲಿನ ಮಾದರಿಗಳನ್ನು ಓಡಿಸುವ ಹುಚ್ಚು. ಅವರ ಪುಟಾಣಿ ಇಂಜಿನ್ನಿನ ಮೋಟಾರನ್ನು ಎರಡು ಸಲ ನಾನೇ ಸರಿ ಮಾಡಿದ್ದೆ. 'ನನ್ನ ಕೈ ನಡುಗುತ್ತೆ, ಇನ್ನು ಆಗಲ್ಲ. ನೀವಾದರೂ ಮಾಡಿ, ನಿಮಗೇ ಇರಲಿ' ಎಂದು ಪೆಟ್ಟಿಗೆ ಕೊಟ್ಟುಹೋದರು. ಒಳಗೆ ಗೇಣುದ್ದದ ಒಂದು ಪ್ಲಾಸ್ಟಿಕ್ ಬೋಗಿ, ಮತ್ತು ಅದನ್ನು ಚಂದಗೊಳಿಸಲು ಹೊರದೇಶದಿಂದ ತರಿಸಿದ ಬಿಡಿಭಾಗಗಳ ಒಂದು ಕಿಟ್ಟು. ಬೋಗಿ ಬರೀ ಬೋಳು. ಕಂಬಿ, ಮೆಟ್ಟಿಲು ಎಲ್ಲ ಅಚ್ಚಿನಲ್ಲೇ ಉಬ್ಬಿದ ಗೆರೆಗಳು. ಕಿಟ್ಟಿನಲ್ಲಿ ತೆಳ್ಳನೆಯ ಹಿತ್ತಾಳೆ ತಗಡಿನಿಂದ ಬಿಡಿಸಿಕೊಳ್ಳಬೇಕಾದ ಮೆಟ್ಟಿಲು, ಗಾಳಿಕಿಂಡಿಗಳು, ಹಿಡಿಕಂಬಿಗೆ ತಂತಿ, ಒಳಗೆ ಕೂರಿಸಲು ಸೀಟುಗಳು, ಮತ್ತೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹನ್ನೆರಡು ಜನ.

ಅದನ್ನು ಮನೆಗೆ ತಂದೆ. ಅವಳು ದಿನವಿಡೀ ಗೋಡೆ ನೋಡುತ್ತಾ ಮಲಗಿರುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಆಪರೇಷನ್ನಿಗೆ ಹೋಗುವ ಮೊದಲು ನಮ್ಮ ಹಳೇ ಗಾಡಿಯ ಒಂದು ಬೋಗಿಯನ್ನು ಅವಳ ಕೈಗೆ ಕೊಡಬೇಕು ಎಂಬ ಹಟ ನನಗೆ ಹಿಡಿಯಿತು. ಡಾಕ್ಟರ ಮಾತಿನ ಮೇಲೆ ನನಗೇನೂ ಹಿಡಿತವಿರಲಿಲ್ಲ. ಇದೊಂದು ಮಾತ್ರ ನನ್ನ ಕೈಲಿತ್ತು.

ಭಾನುವಾರಗಳಲ್ಲಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಕೆಲಸ. ಉಬ್ಬುಗೆರೆಗಳನ್ನು ಬ್ಲೇಡಿನಿಂದ ಹೆರೆದು, ಕೂದಲಿನಂಥ ತೂತು ಕೊರೆದು, ತಂತಿ ಬಗ್ಗಿಸಿ ಸಿಕ್ಕಿಸುವುದು. ಕಿಟ್ಟಿನವರ ದೇಶದಲ್ಲಿ ಕಿಟಕಿಗೆ ಸರಳುಗಳೇ ಇರಲಿಲ್ಲವೆಂದು ಕಾಣುತ್ತದೆ. ವಿದ್ಯುತ್ ವೈರಿನೊಳಗಿನ ತಾಮ್ರದ ಎಳೆಗಳನ್ನು ಬಿಡಿಸಿ, ಒಂದೊಂದು ಕಿಟಕಿಗೂ ಅಡ್ಡಡ್ಡ ಸರಳು ಹಾಕಿದೆ. ಮೆತ್ತನೆಯ ಸೀಟುಗಳನ್ನು ಬಿಸಾಕಿ ಬೆಂಕಿಕಡ್ಡಿ ಸೀಳಿ ಮರದ ಪಟ್ಟಿಯ ಬೆಂಚು ಮಾಡಿದೆ. ಹೊರಗೆ ಇಟ್ಟಿಗೆ ಬಣ್ಣ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಚೆನ್ನಾಗಿತ್ತು.

ಅವಳು ದಿಂಬಿಗೊರಗಿ ಕೂತು, ನನ್ನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಆ ಹನ್ನೆರಡು ಜನರನ್ನು ನೋಡಿದಳು.

'ಏನ್ರೀ ಇದು, ಎಲ್ರೂ ಕೋಟು ಟೋಪಿ ಆಕ್ಕಂಡ್ ಕೂತವ್ರೆ? ಮಂಡ್ಯ ಗಾಡೀಲಿ ಇಂಥೋರ್ನ ಯಾವತ್ತಾದ್ರೂ ಕಂಡಿದ್ರಾ?'

'ಅವರು ಕೊಟ್ಟಿರೋದೇ ಹಂಗೆ.'

'ಕೊಟ್ರೆ ಅಂಗೇ ಕೂರಿಸ್ಬೇಕಾ? ಕೊಡಿ ಇಲ್ಲಿ.'

ಅವತ್ತಿನಿಂದ ಪ್ರಯಾಣಿಕರು ಅವಳ ಪಾಲು. ಟೋಪಿಗಳನ್ನು ಬ್ಲೇಡಿನಿಂದ ಕೆತ್ತಿದಳು. ಎರಡೇ ಕೂದಲಿನ ಕುಂಚದಿಂದ ಪಂಚೆ ಉಡಿಸಿದಳು, ಸೀರೆ ಸುತ್ತಿದಳು. ಛತ್ರಿ ಹಿಡಿದಿದ್ದ ದೊರೆಸಾನಿ ಸೊಪ್ಪು ಮಾರುವವಳಾದಳು. ಹಳೇ ರವಿಕೆ ಬಟ್ಟೆಯ ಚೂರುಗಳನ್ನು ಸುತ್ತಿ, ದಾರ ಬಿಗಿದು, ಪುಟ್ಟ ಪುಟ್ಟ ಗಂಟುಮೂಟೆ ಮಾಡಿ ಬೆಂಚಿನ ಕೆಳಗೆ ತುರುಕಿದಳು. ಕಿಟಕಿ ಪಕ್ಕದ ಹೆಂಗಸಿಗೆ ಹಸಿರು ಸೀರೆ. ಅದು ಯಾರೆಂದು ಕೇಳಬೇಕಾಗಿರಲಿಲ್ಲ. ಅವಳ ಉಸಿರು ಆ ದಿನಗಳಲ್ಲಿ ಸ್ವಲ್ಪ ಹಗುರಾಗಿತ್ತು, ಅಥವಾ ನನಗೆ ಹಾಗನ್ನಿಸಿತ್ತು.

ಒಂದು ಭಾನುವಾರ ಬೋಗಿಯೊಳಗೆ ಬಗ್ಗಿ ನೋಡಿದರೆ, ಹಸಿರು ಸೀರೆಯವಳ ಪಕ್ಕದ ಖಾಲಿ ಜಾಗದಲ್ಲಿ ತಿಳಿನೀಲಿ ಬಟ್ಟೆಯ ಒಂದು ಚೂರು. ಅಕ್ಕಿನುಚ್ಚಿನಷ್ಟು. ಗಂಟು ಕತ್ತರಿಸುವಾಗ ಬಿದ್ದದ್ದು ಎಂದುಕೊಂಡು ಊದಿದೆ. ಹಾರಿಹೋಯಿತು. ಮುಂದಿನ ವಾರ ಮತ್ತೆ ಅದೇ ಜಾಗದಲ್ಲಿ ಅದೇ ನೀಲಿ. ಮತ್ತೆ ಊದಿ, ಈ ಸಲ ಗದರಿದೆ. ಆಸ್ಪತ್ರೆಯಿಂದ ತಾರೀಖಿನ ಕಾಗದ ಬಂದಿತ್ತು. ನನ್ನ ಬುದ್ಧಿ ನೆಟ್ಟಗಿರಲಿಲ್ಲ.

'ಎಷ್ಟು ಸಲ ಹೇಳ್ಬೇಕು, ಚೂರೆಲ್ಲ ಒಳಗೆ ಬೀಳಿಸಬೇಡ ಅಂತ?'

'ಬೀಳ್ಸಿಲ್ಲ. ಇಟ್ಟಿದ್ದೆ.'

'ಇಡೋಕೆ ಅದೇನು ಕಸದ ತೊಟ್ಟೀನಾ?'

ಅವಳು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಮೇಜಿನ ಮೇಲಿಟ್ಟಳು.

'ನೀವೇ ಕಂಡ್ಕತೀರಾ ಅಂದ್ಕಂಡಿದ್ದೆ. ಆಯ್ತು ಬುಡಿ' ಎಂದಳು.

ಆಮೇಲೆ ಅವಳು ಕುಂಚ ಮುಟ್ಟಲಿಲ್ಲ. ಸುಸ್ತು ಎಂದಳು, ನಾನು ನಂಬಿದೆ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಅಂಟಿನ ಟ್ಯೂಬು ತೆಗೆದು ಕೂತೆ. ಚಾವಣಿ ಮುಚ್ಚಿದರೆ ಕೆಲಸ ಮುಗಿದಂತೆ. ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದವಳು ಬಂದು ಪಕ್ಕದಲ್ಲಿ ನಿಂತಳು.

'ಇವತ್ತೇ ಮುಚ್ಬೇಕಾ? ಬಂದ್ಮೇಲೆ ಮುಚ್ಚಿದ್ರಾಯ್ತು. ಇನ್ನೊಬ್ರು ಬರೋದೈತೆ ಒಳಿಕೆ.'

'ಹನ್ನೆರಡೂ ಕೂರಿಸಾಯ್ತಲ್ಲ. ಇನ್ಯಾರು?'

ಅವಳು ಮತ್ತೆ ಬಟ್ಟೆ ಮಡಿಸಲು ಹೋದಳು. ನಾನು ಅಂಚಿನುದ್ದಕ್ಕೂ ಅಂಟು ಬಳಿದು, ಚಾವಣಿ ಕೂರಿಸಿ, ರಬ್ಬರ್ ಬ್ಯಾಂಡು ಬಿಗಿದೆ. ನನಗೆ ಭಯವಾಗಿತ್ತು. ಭಯವಾದಾಗ ಏನಾದರೊಂದನ್ನು ಮುಗಿಸಿಬಿಡುವುದು ನನ್ನ ಸ್ವಭಾವ. ಬೋಗಿಯನ್ನು ಅವಳ ಕೈಗಿಟ್ಟಾಗ ಕಿಟಕಿಯ ಸರಳುಗಳೊಳಗೆ ಇಣುಕಿ ನೋಡಿ, 'ಚೆನ್ನಾಗೈತೆ ಕಣ್ರೀ' ಎಂದು ವಾಪಸ್ಸು ಕೊಟ್ಟಳು.

ಆಪರೇಷನ್ ಆಯಿತು. ಚೆನ್ನಾಗೇ ಆಯಿತು ಎಂದರು. ಮೂರನೆಯ ದಿನ ಬೆಳಗ್ಗೆ ಹೋಗಿಬಿಟ್ಟಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಆಸ್ಪತ್ರೆಯಿಂದ ತಂದ ಅವಳ ಚೀಲದಲ್ಲಿ ಬಾಚಣಿಗೆ, ಎರಡು ಸೀರೆ, ಒಂದು ತಿಳಿನೀಲಿ ಕರ್ಚೀಫು ಇತ್ತು. ಕರ್ಚೀಫಿನ ಒಂದು ಮೂಲೆ ಇರಲಿಲ್ಲ. ಇಲಿ ಕಡಿದಿರಬೇಕು ಎಂದುಕೊಂಡು ಮಡಿಸಿ ಬೀರುವಿನಲ್ಲಿಟ್ಟೆ. ಬೋಗಿಯನ್ನು ಅಂಗಡಿಗೆ ಒಯ್ದು ಗಾಜಿನ ಕಪಾಟಿನಲ್ಲಿಟ್ಟೆ. ನೋಡಿದವರೆಲ್ಲ ಹೊಗಳಿದರು.

ವರ್ಷದ ತಿಥಿ ಮುಗಿದ ಮೇಲೆ ಅವಳ ಸೀರೆಗಳನ್ನು ತವರಿಗೆ ಕೊಟ್ಟುಬರಲು ಸಂತೆಬಾಚಹಳ್ಳಿಗೆ ಹೋದೆ. ಅತ್ತೆ ಸೀರೆಗಳನ್ನು ಮಡಿಲಿಗಿಟ್ಟುಕೊಂಡು ಕೂತಿದ್ದು, ಆಮೇಲೆ ಎದ್ದು ಊಟ ಬಡಿಸಿದರು. ಕೆ.ಆರ್. ಪೇಟೆಗೆ ಬಂದು ಪಾಂಡವಪುರದ ಬಸ್ಸು ಹತ್ತಿದೆ. ಸಂತೆಯ ದಿನ, ನೂಕುನುಗ್ಗಲು. ಒಂದು ಸೀಟಿನ ಮೇಲೆ ಹಳೇ ಟವೆಲ್ಲು ಬಿದ್ದಿತ್ತು. ಯಾರೋ ಮರೆತದ್ದೆಂದು ಪಕ್ಕಕ್ಕೆ ಕೊಡವಿ ಕೂತೆ. ಹಿಂದೆಯೇ ತಲೆಯ ಮೇಲೆ ಗಂಟು ಹೊತ್ತ ಹೆಂಗಸೊಬ್ಬಳು ಹತ್ತಿದಳು.

'ಏನ್ ಯಣ್ಣ, ಟವಲ್ ಆಕಿರಾದು ಕಾಣಕ್ಕಿಲ್ವಾ? ಕಸ ತಗದಂಗೆ ತಗದ್ಬುಟ್ರಲ್ಲ! ನಮ್ ಯಜಮಾನ್ರು ಬರ್ತಾವ್ರೆ, ಅವ್ರಿಗ್ ಇಡ್ದಿರೋ ಸೀಟು.'

ನಾನು ಎದ್ದು ನಿಂತೆ. ಅವಳು ಟವೆಲ್ಲನ್ನು ಮತ್ತೆ ಹರಡಿ, ಪಕ್ಕದಲ್ಲಿ ಕಿಟಕಿಗೆ ಆತು ಕೂತು, ಹೊರಗೆ ಯಾರನ್ನೋ ಕೂಗಿದಳು. ನಾನು ಕಂಬಿ ಹಿಡಿದು ಆ ಟವೆಲ್ಲನ್ನೇ ನೋಡುತ್ತಿದ್ದೆ. ಬಸ್ಸು ಹೊರಟ ಮೇಲೆ ಅಳು ಬಂತು. ಅಷ್ಟು ಜನರ ನಡುವೆ, ಮುಖ ಮುಚ್ಚಿಕೊಳ್ಳಲು ಕೈಯೂ ಬಿಡುವಿಲ್ಲದೆ, ಅತ್ತುಬಿಟ್ಟೆ. ಒಂಬತ್ತು ವರ್ಷ ದಿನಾ ಕರ್ಚೀಫು ಎತ್ತಿ ಕೂತವನು ನಾನು. ಆ ಪುಟ್ಟ ಬೋಗಿಯಲ್ಲೂ ಅವಳು ಎರಡು ಸಲ ಹಾಕಿದ್ದಳು, ಎರಡು ಸಲವೂ ಊದಿದ್ದೆ. ಬರಬೇಕಾಗಿದ್ದ ಆ ಇನ್ನೊಬ್ಬ ಯಾರೆಂದು ಅವಳನ್ನೇ ಕೇಳಿದ್ದೆ.

ಮಾರನೆಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ತೆಳು ಬ್ಲೇಡಿನಿಂದ ಚಾವಣಿ ಎಬ್ಬಿಸಲು ಕೂತೆ. ಸುಳುವಾಗಿ ಬರಲಿಲ್ಲ, ನನ್ನ ಅಂಟಿನ ಕೆಲಸ ಅಷ್ಟು ಗಟ್ಟಿ. ಚಾವಣಿ ಒಂದು ಕಡೆ ಸೀಳಿತು, ಮೂರು ಕಿಟಕಿಯ ಸರಳುಗಳು ಕಿತ್ತುಬಂದವು. ಒಳಗೆ ಹನ್ನೆರಡು ಜನರೂ ಕೂತಲ್ಲೇ ಕೂತಿದ್ದರು. ಹಸಿರು ಸೀರೆಯವಳ ಪಕ್ಕದ ಬೆಂಚು ಖಾಲಿ ಇತ್ತು. ಬೀರುವಿನಿಂದ ತಂದಿದ್ದ ಕರ್ಚೀಫಿನ ಕತ್ತರಿಸಿದ ಮೂಲೆಯಲ್ಲೇ ಇನ್ನೊಂದು ಚೂರು ಕತ್ತರಿಸಿ, ಚಿಮುಟದಲ್ಲಿ ಹಿಡಿದು ಅಲ್ಲಿಟ್ಟೆ. ಉಸಿರು ಬಿಗಿಹಿಡಿದಿದ್ದೆ. ಅಂಟು ಹಾಕಲಿಲ್ಲ, ಅವಳು ಹಾಕಿರಲಿಲ್ಲ.

ಸೀಳಿದ ಚಾವಣಿ ಮತ್ತೆ ಕೂರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬೋಗಿ ಹಾಗೇ ತೆರೆದುಕೊಂಡು ಕಪಾಟಿನಲ್ಲಿದೆ, ಒಳಗೆಲ್ಲ ಧೂಳು ಕೂತಿದೆ. ಕಪಾಟಿನ ಗಾಜು ಸರಿಸಿದಾಗ ಕೆಲವು ಗಿರಾಕಿಗಳು ನನ್ನ ಮೇಲಿನ ವಿಶ್ವಾಸಕ್ಕೆ ಬಗ್ಗಿ ಊದಲು ಹೋಗುತ್ತಾರೆ. ನಾನು ಕೈ ಅಡ್ಡ ಹಿಡಿದು, ಊದಬೇಡಿ, ಅಲ್ಲಿ ಸೀಟು ಹಿಡಿದಿದ್ದಾರೆ ಎನ್ನುತ್ತೇನೆ.