ಶಮ್ಸುನ್ನಿಸಾ ಹೇಳಿದ ಸಿನಿಮಾ

ಇಜೇರಿಯಿಂದ ಗೊಬ್ಬೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಜೋಳದ ಹಿಟ್ಟು ನಾದುತ್ತ ಕೂತಾಗ ನಿಂಬೆವ್ವ ಶಮ್ಸುನ್ನಿಸಾಳ ಹೆಸರು ಮೊದಲು ಕೇಳಿದಳು. ಅತನೂರಿನ ಬಯಲಲ್ಲಿ ಸಿನಿಮಾ ಟೆಂಟು ಬಿದ್ದಿತ್ತು. ಹಳ್ಳಿ ಮನೆತನದ ಕತೆಯ ಹಿಂದಿ ಸಿನಿಮಾ. ಊರ ಹೆಂಗಸರೆಲ್ಲ ಗಾಡಿ ಕಟ್ಟಿಸಿಕೊಂಡು ಹೊರಟಿದ್ದರು.

"ನನಗ ಹಿಂದಿ ತಿಳ್ಯಂಗಿಲ್ಲತ್ತಿ, ನಾ ಬಂದು ಏನ್ ಮಾಡ್ಲಿ?" ಅಂದಳು ನಿಂಬೆವ್ವ.

ಅತ್ತೆ ಗಂಗಾಬಾಯಿ ನಕ್ಕಳು. "ನನಗೇನು ತಿಳೀತದ? ಕೌದಿ ಹೊಲಿಯೋ ಶಮ್ಸುನ್ನಿಸಾ ಅದಾಳಲ್ಲ, ಆಳಂದದಾಕಿ. ಆಕಿ ಬಾಜೂಕ ಕುಂತ್ರ ಆತು. ಪರದೆ ಮ್ಯಾಲಿನ ಮಂದಿ ಬಾಯಿ ಮುಚ್ಚೂದ್ರಾಗ ಈಕಿ ಕನ್ನಡದಾಗ ಹೇಳಿ ಮುಗಿಸಿರ್ತಾಳ."

ಹಾಗೇ ಆಯಿತು. ಹೆಂಗಸರ ನಡುವೆ ಮರಳ ಮೇಲೆ, ತೊಡೆಯಲ್ಲಿ ಕೂಸು ಯಾಸೀನನನ್ನು ಮಲಗಿಸಿಕೊಂಡು, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಶಮ್ಸುನ್ನಿಸಾ ಸಿನಿಮಾ ಹೇಳುತ್ತಿದ್ದಳು. ಪರದೆಯ ಮೇಲಿನ ಅತ್ತೆಯ ಮಾತಿಗೆ ಗಡಸು ದನಿ, ಸೊಸೆಯ ಮಾತಿಗೆ ಸಣ್ಣ ದನಿ. ಸಿನಿಮಾದ ಕೊನೆಗೆ, ಬಾವಿಯ ಪಾಲಿಗಾಗಿ ಅಣ್ಣನೊಡನೆ ಜಗಳಾಡಿದ ತಮ್ಮ ಏನೋ ಅಂದು, ಬೆನ್ನು ತಿರುಗಿಸಿ ಹೊರಟುಬಿಟ್ಟ. ಹಾಸಿಗೆ ಹಿಡಿದ ತಾಯಿ ಬಾಗಿಲನ್ನೇ ನೋಡುತ್ತಿದ್ದಳು.

"ಏನಂದನಬೇ?" ಅಂತ ನಾಲ್ಕು ಕಡೆಯಿಂದ ಕೇಳಿದರು.

"'ತಪ್ಪಾತಣ್ಣ, ಅವ್ವಗ ನೀರು ತರ್ತೇನಿ, ನೀ ಇಲ್ಲೇ ಕುಂದ್ರು' ಅಂದ."

"ಮತ್ತ ಮಾರಿ ಯಾಕ ಹಂಗ ಮಾಡ್ಯಾನ?"

"ಅಳು ತಡಕೊಂಡಾನ. ಗಂಡಸು, ಇಷ್ಟು ಮಂದಿ ಮುಂದ ಅಳ್ತಾನೇನು?"

ಗಾಡಿ ತುಂಬ ಹೆಂಗಸರು ಹಾಡುತ್ತ ಊರಿಗೆ ಬಂದರು.

ಮರುದಿನ ನಿಂಬೆವ್ವ ಹೇಳಿದ ಕತೆ ಕೇಳಿ ಅವಳ ಗಂಡ ವಿಶ್ವಾರಾಧ್ಯ ಹೊಟ್ಟೆ ಹಿಡಿದು ನಕ್ಕ. ಹೈದರಾಬಾದಿನಲ್ಲಿ ದುಡಿದು ಬಂದವನಿಗೆ ಹಿಂದಿ ಬರುತ್ತಿತ್ತು, ಆ ಸಿನಿಮಾ ಅಲ್ಲೇ ನೋಡಿದ್ದ. "ಎಲ್ಲಿ ನೀರು, ಯಾರ ನೀರು? 'ಸತ್ರೂ ನಿನ್ನ ಹೊಸ್ತಿಲ ತುಳಿಯಂಗಿಲ್ಲ' ಅಂತ ಹೇಳಿ ಹೋದನಲ್ಲೇ ಅವ! ತಾಯಿ ಅಲ್ಲೇ ಜೀವ ಬಿಟ್ಳು."

ನಿಂಬೆವ್ವನಿಗೆ ಸಿಟ್ಟು ಬಂತು. ಕೌದಿಗೆ ಹಳೇ ಸೀರೆ ಕೊಡುವ ನೆವದಲ್ಲಿ ಹೋಗಿ ಕೇಳಿಯೇಬಿಟ್ಟಳು. ಶಮ್ಸುನ್ನಿಸಾ ಸೂಜಿಯಿಂದ ತಲೆ ಎತ್ತಲಿಲ್ಲ.

"ಗಾಡ್ಯಾಗ ಮೈಕೈ ನೋಯಿಸ್ಕೊಂಡು ಬಂದ ಹೆಣ್ಮಕ್ಕಳು. ಮನ್ಯಾಗ ಅಳೂದು ಸಾಲ್ದೇನು, ಟೆಂಟಿನಾಗೂ ಅಳಸ್ಲೇನು?"

ಆ ಮಾತಿಗೆ ನಿಂಬೆವ್ವ ಸೋತಳು. ಅಂದಿನಿಂದ ಆಕೆ ಶಮ್ಸಕ್ಕ.

ಟೆಂಟು ಹೋಯಿತು, ಮನೆಮನೆಗೆ ಟೀವಿ ಬಂತು. ಇಬ್ಬರ ಗಂಡಂದಿರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಶಮ್ಸುನ್ನಿಸಾಳ ನಾಲಿಗೆಗೆ ಮಾತ್ರ ಕೆಲಸ ತಪ್ಪಲಿಲ್ಲ. ಬದುವಿನ ಜಗಳವಿರಲಿ, ಲಗ್ನದ ಮಾತಿರಲಿ, ಈ ಮನೆಯ ಮಾತನ್ನು ಆ ಮನೆಗೆ ಒಯ್ಯುವವಳು ಆಕೆಯೇ. ಕಲ್ಲಿನಂಥ ಮಾತು ಆಕೆಯ ಬಾಯಲ್ಲಿ ನೆನೆದು ಮೆತ್ತಗಾಗಿ ಹೊರಬರುತ್ತಿತ್ತು. ಊರಿಗೆಲ್ಲ ಅದು ಒಳ್ಳೆಯದೇ ಮಾಡಿತು. ಕೇಡಾದದ್ದು ಆಕೆಯ ಮನೆಗೆ.

ದೊಡ್ಡ ಮಗ ಯಾಸೀನನ ಮಗಳು ಜಸ್ಮೀನಳನ್ನು ಸಣ್ಣ ಮಗ ಮಹಮ್ಮದನ ಮಗನಿಗೆ ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ಹುಡುಗ ದೊಡ್ಡವನಾಗಿ ಒಲ್ಲೆ ಅಂದ. ಅಣ್ಣನಿಗೆ ಮುಖ ತೋರಿಸಲು ನಾಚಿ ಮಹಮ್ಮದ, "ಅಮ್ಮಾ, ಅವಗ ನೀನೇ ಹೇಳು" ಅಂದ. ಶಮ್ಸುನ್ನಿಸಾ ಗೋಡೆಯಾಚೆ ತಾನಿದ್ದ ದೊಡ್ಡ ಮಗನ ಮನೆಗೆ ಬಂದು ಯಾಸೀನನಿಗೆ, "ಲಗ್ನಕ್ಕ ರಂಜಾನ್ ಆಗ್ಲಿ ಅಂತಾನ ತಮ್ಮ" ಅಂದಳು. ಅಷ್ಟರಲ್ಲಿ ಹುಡುಗನ ಮನಸ್ಸು ತಿರುಗೀತು ಅಂದುಕೊಂಡಳು. ಆ ಮಾತು ನಂಬಿ ಯಾಸೀನ, ಜೇವರ್ಗಿಯಿಂದ ಬಂದ ಒಳ್ಳೆಯ ವರನನ್ನು ಹಿಂದಕ್ಕೆ ಕಳಿಸಿದ. ರಂಜಾನ್ ಮುಗಿಯಿತು. ಮಹಮ್ಮದನ ಮಗನಿಗೆ ಸೊಲ್ಲಾಪುರದಲ್ಲಿ ನಿಕಾಹ್ ಆಯಿತು.

"ಒಲ್ಲೆ ಅಂದಿದ್ರ ಸುಮ್ಮನಿರ್ತಿದ್ದೆ! ಆಸೆ ತೋರಿಸಿ ಕುತ್ತಿಗಿ ಕೊಯ್ದ!" ಅಂತ ಯಾಸೀನ ಅಂಗಳದಲ್ಲಿ ನಿಂತು ಕೂಗಿದ.

"ನಾ ಅವತ್ತ ಹೇಳಿ ಕಳಿಸಿದ್ದೆ. ಗೊತ್ತಿದ್ದೂ ನಾಟಕ ಮಾಡಾಕತ್ತಾನ!" ಅಂತ ಮಹಮ್ಮದ ಆ ಕಡೆಯಿಂದ.

ಶಮ್ಸುನ್ನಿಸಾ ನಡುವೆ ನಿಂತು ಎದೆ ಬಡಿದುಕೊಂಡಳು. "ನಂದ ತಪ್ಪೋ ಯಪ್ಪಾ! ಅವ ಒಲ್ಲೆ ಅಂದಿದ್ದ, ನಾ ನಿನಗ ಹಂಗ ಹೇಳ್ಲಿಲ್ಲ."

ಯಾಸೀನ ತಾಯಿಯ ಕಡೆ ನೋಡಿ ಕಹಿಯಾಗಿ ನಕ್ಕ. "ಸಾಕು ಬಿಡಮ್ಮಾ. ಅವನ್ನ ಉಳಸಾಕ ಈಗ ನಿನ್ನ ಮ್ಯಾಲ ಹಾಕ್ಕೋತಿ. ನೀ ಮಾಡೂದ ಇಷ್ಟ, ಎಲ್ಲಾ ಚಂದ ಮಾಡಿ ಹೇಳೂದು."

ಬದುಕಿನಲ್ಲಿ ಒಮ್ಮೆ ಆಕೆ ಇದ್ದದ್ದು ಇದ್ದಂತೆ ಹೇಳಿದಳು, ಅದನ್ನು ಹೊಟ್ಟೆಯ ಮಗನೇ ನಂಬಲಿಲ್ಲ. ಅಂದಿನಿಂದ ಅಣ್ಣತಮ್ಮ ಒಂದೇ ಬಾವಿಯ ನೀರು ಕುಡಿದರೂ ಒಂದು ಮಾತಾಡಲಿಲ್ಲ. ಜಸ್ಮೀನಳಿಗೆ ಬೇರೆ ಸಂಬಂಧ ಕೂಡಿಬರಲಿಲ್ಲ. ಆಕೆ ಅಜ್ಜಿಯ ಪಕ್ಕದಲ್ಲಿ ಕೂತು ಹೊಲಿಯುವುದನ್ನು ಕಲಿತಳು.

ಈ ವರ್ಷದ ಚಳಿಗೆ ಶಮ್ಸುನ್ನಿಸಾ ಹಾಸಿಗೆ ಹಿಡಿದಳು. ಯಾಸೀನ ಹೊಲಕ್ಕೆ ಹೋದಾಗಷ್ಟೇ ಮಹಮ್ಮದ ಬಂದು ತಾಯಿಯ ಕಾಲೊತ್ತಿ ಹೋಗುತ್ತಿದ್ದ. ಅವತ್ತು ಮಧ್ಯಾಹ್ನ ನಿಂಬೆವ್ವ ಗಂಜಿ ಕುಡಿಸಲು ಹೋದಾಗ ಜಸ್ಮೀನ ಹೊರಗೆ ಬಟ್ಟೆ ಒಣಹಾಕುತ್ತಿದ್ದಳು. ಶಮ್ಸುನ್ನಿಸಾ ಬಟ್ಟಲನ್ನು ಸರಿಸಿದಳು.

"ನಿಂಬೆವ್ವ, ನನ್ನ ಜನಾಜಾ ಎತ್ತುಮುಂದ ನೀ ಬಾಗಲ್ದಾಗ ನಿಂದ್ರು. ಇಬ್ಬರೂ ಜೋಡಿ ಹೆಗಲು ಕೊಡ್ತಾರೇನು, ನೋಡು."

"ಕೊಡ್ತಾರ, ಸುಮ್ನಿರಕ್ಕ. ಹಡೆದವ್ವಗ ಕೊಡಲಾರ್ದ ಇರ್ತಾರೇನು?"

"ನೋಡು, ನೀನೂ ನನ್ನಂಗ ಶುರು ಹಚ್ಚಿದಿ." ಆಕೆಗೆ ಉಸಿರು ಸಾಲಲಿಲ್ಲ. ನಿಂಬೆವ್ವನ ಮೊಣಕೈ ಹಿಡಿದು ಹತ್ತಿರಕ್ಕೆಳೆದಳು. "ನಮ್ಮ ಹೆಣ್ಮಕ್ಕಳು ಜನಾಜಾದ ಹಿಂದ ಬರಂಗಿಲ್ಲ, ಅವತ್ತ ಒಳಗ ಕುಂತು ಜಸ್ಮೀನ ನಿನ್ನ ಕೇಳ್ತಾಳ. ಕೊಡಲಿಲ್ಲಂದ್ರ ಕೊಡಲಿಲ್ಲ ಅಂತನ ಹೇಳು ತಂಗಿ. ಆ ಹುಡಿಗಿಗೆ ಇನ್ನೊಂದು ಸುಳ್ಳು ಬ್ಯಾಡ."