ಅತ್ತೆಯ ಕೈಗೆ ಸಿಕ್ಕ ಮುಖ

ನನ್ನ ಮುಖದ ಬಗ್ಗೆ ಸಲಹೆ ಕೊಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಲೋಳೆಸರ ಹಚ್ಚಮ್ಮ ಅಂದರೂ ಸಾಕು, ಕಿಟಕಿಯ ಕಡೆ ತಿರುಗಿ ಕೂರುತ್ತೇನೆ. ಇದಕ್ಕೆಲ್ಲ ಕಾರಣ ನನ್ನ ಸೋದರತ್ತೆ, ಅಪ್ಪನ ಅಕ್ಕ. ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ಅಪ್ಪ ತರಕಾರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ನಾನು ಡಿಗ್ರಿ ಮುಗಿಸಿ ಬದನಗುಪ್ಪೆಯ ಒಂದು ಫ್ಯಾಕ್ಟರಿಗೆ ಸೇರಿದ ಮೇಲೆ ಚಾಮರಾಜನಗರದಲ್ಲಿ ಗೆಳತಿಯೊಬ್ಬಳ ಜೊತೆ ರೂಮು ಮಾಡಿದೆ. ಅತ್ತೆಯ ಊರು ಚಂದಕವಾಡಿ, ಅಲ್ಲಿಗೆ ಹತ್ತಿರ. ಅವಳ ಮಗನಿಗೆ ನಾನೇ ಹೆಣ್ಣು ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಹೇಳಿಬಿಟ್ಟಿದ್ದಳಂತೆ. ನಮ್ಮ ಕಡೆ ಅತ್ತೆ ಹಾಗೊಂದು ಮಾತು ಆಡಿದರೆ ಮುಗಿಯಿತು, ಆ ಹುಡುಗಿ ಅವಳ ಸೊತ್ತು. ನನ್ನ ಜಡೆ, ನನ್ನ ನಡಿಗೆ, ನಾನು ಉಣ್ಣುವ ಮುದ್ದೆ, ಎಲ್ಲದರಲ್ಲೂ ಮೂಗು ತೂರಿಸಿದ ಮೇಲೆ ಅತ್ತೆ ನನ್ನ ಮುಖಕ್ಕೆ ಬಂದಳು.

"ನಮ್ಮನೇಗ್ ಬರೋ ಮಕ ಕಣಮ್ಮಿ ಇದು. ಇಂಗೆ ಜಿಡ್ಡು ಸುರಿಸ್ಕೊಂಡು ಕರ್‍ರಗಿದ್ರೆ ಜನ ನನ್ನ ಏನಂದಾರು?" ಅಂದಳು. ನಾನು ಕಪ್ಪು, ನಿಜ. ಹಣೆ, ಮೂಗು ಜಿಡ್ಡು ಕಟ್ಟುತ್ತದೆ, ಅದೂ ನಿಜ. ಆದರೆ ಅಲ್ಲಿಯವರೆಗೆ ಅದರಿಂದ ನನಗೇನೂ ತೊಂದರೆ ಆಗಿರಲಿಲ್ಲ.

ಭಾನುವಾರ ಬಂತೆಂದರೆ ಅತ್ತೆಯ ಫೋನು ಬರುತ್ತಿತ್ತು. ಅಪ್ಪನೂ ಗುಂಡ್ಲುಪೇಟೆಯಿಂದ ಫೋನು ಮಾಡಿ, ಓಗ್ಬಾ, ದೊಡ್ಡೋಳು ಕರೀತಾಳೆ ಅನ್ನುತ್ತಿದ್ದರು. ಅತ್ತೆಯ ಹೊಲದಲ್ಲಿ ಅರಿಶಿನ ಬೆಳೆಯುತ್ತಾರೆ. ಬೇಯಿಸಿ ಒಣಗಿಸಿದ ಕೊಂಬನ್ನು ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡಿಸುವಾಗ ಸಿಪ್ಪೆ, ಬೇರು, ಅಂಟಿದ ಮಣ್ಣು ಎಲ್ಲ ಹಳದಿ ದೂಳಾಗಿ ಕೆಳಗೆ ಬೀಳುತ್ತದೆ. ಅಂಗಡಿಯಲ್ಲಿ ಅರಿಶಿನ ಕೊಳ್ಳುವ ಊರಿನವರಿಗೆ ಇಂಥ ಬುದ್ಧಿ ಬರಲಾರದು. ಅತ್ತೆ ಆ ದೂಳನ್ನು ಹಳೆ ಪಂಚೆಯಲ್ಲಿ ಸೋಸಿ, ನಮ್ಮ ಹೊಲದ ಅಸಲಿ ಅರಿಶಿನ ಎಂದು ಡಬ್ಬಿ ತುಂಬಿಡುತ್ತಿದ್ದಳು. ಅದಕ್ಕೆ ಮೊಸರು ಹಾಕಿ, ಅದರ ಮೇಲೆ ಮೆಡಿಕಲ್ ಸ್ಟೋರಿನ ಒಂದು ಟ್ಯೂಬನ್ನು ಹಿಂಡುತ್ತಿದ್ದಳು. ಅವರ ಬೀದಿಯಲ್ಲಿ ಅದರ ಹೆಸರೇ ಬೆಳ್ಳಗಾಗೋ ಟೂಬು. ಒಂದೇ ಟ್ಯೂಬು ಮನೆಯಿಂದ ಮನೆಗೆ ಓಡಾಡುತ್ತಿತ್ತು. ಪಾತ್ರೆ ಉಜ್ಜುವ ಹಾಗೆ ನನ್ನ ಕೆನ್ನೆ ಉಜ್ಜಿ, ರೂಮಿಗೆ ಹೋಗಿ ದಿನಾ ಹಚ್ಚಿಕೋ ಎಂದು ಒಂದು ಟ್ಯೂಬನ್ನು ಕೈಗೂ ಕೊಟ್ಟಳು.

"ನೀನು ಅಚ್ಕೊಳಲ್ವಾ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ನಂದೇನು ಬುಡು, ವಯಸ್ಸಾದ್ ಮಕ," ಅಂದಳು. ಅವಳ ಕೆನ್ನೆ ಮಾತ್ರ ನುಣ್ಣಗೆ ಇತ್ತು. ಒಳ್ಳೆ ಕೊಂಬು ತೇಯ್ದು ತೆಳ್ಳಗೆ ಸವರಿಕೊಳ್ಳುವವಳು ಅವಳು.

ಮೊದಮೊದಲು ಮುಖ ನಿಜಕ್ಕೂ ಬೆಳ್ಳಗಾಯಿತು. ಅತ್ತೆ ನನ್ನ ಗಲ್ಲ ಹಿಡಿದೆತ್ತಿ ಬೀದಿಯವರಿಗೆಲ್ಲ ತೋರಿಸಿದಳು, ಸಂತೆಯಲ್ಲಿ ಕರು ತೋರಿಸಿದ ಹಾಗೆ. ಆಮೇಲೆ ಕೆನ್ನೆ ಕೆಂಪಾಯಿತು. ಬಿಸಿಲಿಗೆ ಹೋದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ. ಟ್ಯೂಬು ನಿಲ್ಲಿಸಿದರೆ ಇನ್ನೂ ಜಾಸ್ತಿ. ಗುಳ್ಳೆ ಎದ್ದು, ಒಡೆದು, ಕಲೆ ಕಟ್ಟಿತು. ನಾನು ದುಪಟ್ಟಾ ಸುತ್ತಿಕೊಂಡು ಫ್ಯಾಕ್ಟರಿ ಬಸ್ಸು ಹತ್ತುವಂತಾಯಿತು.

ಇದನ್ನು ಕಂಡ ಅತ್ತೆ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಗುಂಡ್ಲುಪೇಟೆಗೆ ಬಂದು, ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತ, ಅಪ್ಪನಿಗೆ ಹೇಳಿದಳು: "ಮಕ ಕೆಟ್ಟೋಯ್ತಲ್ಲಪ್ಪ ನಿನ್ ಮಗಳ್ದು. ನನ್ ಮಗ ಒಲ್ಲೆ ಅಂತವ್ನೆ. ನಾನೇನ್ ಮಾಡ್ಲಿ?"

ಅಪ್ಪ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು. ಅವಳ ಮಗ ನನಗೆ ಬೇಕೂ ಇರಲಿಲ್ಲ, ಆ ಮಾತು ಬೇರೆ. ನನ್ನ ಮುಖ ಕೆಡಿಸಿದ ಕೈಯಲ್ಲೇ ಕಾಫಿ ಲೋಟ ಹಿಡಿದು, ಮುಖ ಕೆಟ್ಟಿತು ಎನ್ನುತ್ತಾಳಲ್ಲ!

ಚಾಮರಾಜನಗರದಲ್ಲಿ ಚರ್ಮದ ಡಾಕ್ಟರರ ಹತ್ತಿರ ಒಬ್ಬಳೇ ಹೋದೆ. ಅವರು ಟ್ಯೂಬು ನೋಡಿದ ತಕ್ಷಣ ಮೇಜಿನ ಮೇಲೆ ಎಸೆದರು. ಹುಳುಕಡ್ಡಿಗೆ ಕೊಡುವ ಔಷಧಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಮುಖಕ್ಕೆ ಹಚ್ಚಲು ನಿನಗೆ ಯಾರು ಹೇಳಿದರು ಎಂದು ನನ್ನನ್ನೇ ಬೈದರು. ಚರ್ಮ ತೆಳ್ಳಗಾಗಿದೆ, ಮೊದಲು ಅದು ಸುಧಾರಿಸಲಿ, ಆಮೇಲೆ ನಿನ್ನ ಚರ್ಮ ಯಾವ ಥರದ್ದು ಅಂತ ನೀನೇ ನೋಡಿಕೋ ಅಂದರು. ಮುಖ ತೊಳೆದು, ಏನೂ ಹಚ್ಚದೆ ಸುಮ್ಮನೆ ಕೂತು ನೋಡು, ಎಲ್ಲಿ ಜಿಡ್ಡು ಬರುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು.

ತಿಂಗಳುಗಳು ಕಳೆದ ಮೇಲೆ ಹಾಗೆ ಕೂತೆ. ಹಣೆ, ಮೂಗು ಹೊಳೆದವು. ಕೆನ್ನೆ ಒಣಗಿ ಬಿಗಿಯಿತು. ಎಣ್ಣೆ ಮುಖ, ಎಣ್ಣೆ ಮುಖ ಎಂದು ಅತ್ತೆ ಉಜ್ಜಿದ್ದೆಲ್ಲ ಈ ಒಣ ಕೆನ್ನೆಯನ್ನು. ಅವತ್ತು ಅತ್ತೆ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ರೂಮಿನ ಗೆಳತಿಯೂ ಸುಮ್ಮನಿರಲಿಲ್ಲ. ದಿನವಿಡೀ ರೀಲ್ಸ್ ನೋಡಿ ಒಂದೊಂದು ಸೀರಮ್ಮಿನ ಹೆಸರು ಹೇಳುತ್ತಿದ್ದಳು. ಅವಳದು ಪೂರಾ ಒಣ ಚರ್ಮ. ಅವಳ ದಪ್ಪ ಕ್ರೀಮನ್ನು ಒಂದು ದಿನ ಹಚ್ಚಿದ್ದಕ್ಕೆ ನನ್ನ ಹಣೆಯಲ್ಲಿ ಮೊಡವೆ ಎದ್ದವು. ಅಂದಿನಿಂದ ಅವಳ ಬಾಯಿಗೂ ಬೀಗ ಹಾಕಿಸಿದೆ. ನನ್ನದು ಇಷ್ಟೇ: ಬೆಳಿಗ್ಗೆ ನೊರೆ ಕಡಿಮೆ ಇರುವ ಫೇಸ್‌ವಾಶ್, ಜಿಡ್ಡಿಲ್ಲದ ಮಾಯಿಶ್ಚರೈಸರ್, ಕೆನ್ನೆಗೆ ಸ್ವಲ್ಪ ಹೆಚ್ಚು, ಮೇಲೆ ಸನ್‌ಸ್ಕ್ರೀನ್. ಸಂಜೆ ಬಂದು ತೊಳೆದು ಮತ್ತೆ ಮಾಯಿಶ್ಚರೈಸರ್. ಹೊಸದೇನಾದರೂ ತಂದರೆ ಮೊದಲು ಕಿವಿಯ ಹಿಂದೆ ಹಚ್ಚಿ ಕೆಲವು ದಿನ ಕಾಯುತ್ತೇನೆ. ಸನ್‌ಸ್ಕ್ರೀನ್ ಬೂದಿ ಬಳಿದ ಹಾಗೆ ಕಾಣುತ್ತದೆ ಎಂದು ಫ್ಯಾಕ್ಟರಿಯಲ್ಲಿ ನಕ್ಕರು. ನಗಲಿ. ಮುಖ ಮತ್ತೆ ನನ್ನ ಕಪ್ಪು ಬಣ್ಣಕ್ಕೆ ಬಂತು, ಉರಿ ನಿಂತಿತು. ಎಡಗೆನ್ನೆಯ ಕಲೆ ಮಾತ್ರ ಹೋಗಲಿಲ್ಲ.

ಹೋದ ವರ್ಷ ಅತ್ತೆಯ ಮಗನಿಗೆ ಮದುವೆ ಗೊತ್ತಾಯಿತು. ನಾನು ಹೋಗುವುದಿಲ್ಲ ಅಂದೆ. "ಬರ್ನಿಲ್ಲ ಅಂದ್ರೆ ಒಟ್ಟೆಕಿಚ್ಚು ಅಂತಾರೆ ಕಣವ್ವ," ಅಂದರು ಅಪ್ಪ. ಹೋದೆ.

ಮದುವೆಯ ಹಿಂದಿನ ದಿನ ಛತ್ರದಲ್ಲಿ ಹೆಣ್ಣಿಗೆ ಅರಿಶಿನ ಹಚ್ಚುವ ಶಾಸ್ತ್ರ. ಹುಡುಗಿ ಮಣೆಯ ಮೇಲೆ ಕೂತಿದ್ದಳು. ಹತ್ತಿರ ಹೋಗಿ ನೋಡಿದರೆ, ಪೌಡರಿನ ಕೆಳಗೆ ಅವಳ ಕೆನ್ನೆ ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು. ಆ ಕೆಂಪು ನನಗೆ ಗೊತ್ತು. ಮದುವೆ ಗೊತ್ತಾದಾಗಿನಿಂದಲೇ ಟ್ಯೂಬು ಅವಳ ಮನೆಗೆ ಹೋಗಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಟ್ಟಲು ಹಿಡಿದು ಬಂದಳು. ಅದೇ ಡ್ರಮ್ಮಿನ ದೂಳು, ಅದೇ ಮೊಸರು, ಮೇಲೆ ಹಿಂಡಿದ ಬಿಳಿ ಮುಲಾಮು ಇನ್ನೂ ಕಲಸಿರಲಿಲ್ಲ.

"ಮಕ ಎತ್ತು ಮಗ. ಇನ್ ಮ್ಯಾಕೆ ಈ ಮಕ ನಂದು, ನಾನೇ ನೋಡ್ಕತೀನಿ," ಅಂದಳು. ಹುಡುಗಿ ಕಣ್ಣು ಮುಚ್ಚಿ ಮುಖ ಎತ್ತಿದಳು.

ನಾನು ಅತ್ತೆಯ ಕೈಯಿಂದ ಬಟ್ಟಲು ಕಿತ್ತುಕೊಂಡೆ. ಓಲಗದವರು ಊಟಕ್ಕೆ ಹೋಗಿದ್ದರು, ಎಲ್ಲರಿಗೂ ಎಲ್ಲವೂ ಕೇಳಿಸುವಂತಿತ್ತು.

"ನೋಡ್ರವ್ವ, ನನ್ ಮಗ ಒಲ್ಲೆ ಅಂದ ಅಂತ ಇವಳ್ಗೆ ಒಟ್ಟೆಕಿಚ್ಚು!" ಎಂದು ಅತ್ತೆ ಕೂಗಿದಳು.

ನನಗೆ ನಾಚಿಕೆಯಾಗಲಿಲ್ಲ. ಬೆರಳ ತುಂಬ ಆ ಹಳದಿ ಕೆಸರನ್ನು ಎತ್ತಿಕೊಂಡು, "ಅಷ್ಟ್ ಒಳ್ಳೇದಾದ್ರೆ ಮದ್ಲು ನಿನ್ ಮಕಕ್ಕೆ ಅಚ್ತೀನಿ ಬಾ ಅತ್ತೆ," ಎಂದು ಅವಳ ಕೆನ್ನೆಯ ಹತ್ತಿರಕ್ಕೆ ಕೈ ತಂದೆ.

ಅತ್ತೆ ಸರಕ್ಕನೆ ಹಿಂದೆ ಸರಿದಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಅದನ್ನು ಛತ್ರದಲ್ಲಿದ್ದ ಹೆಂಗಸರೆಲ್ಲ ನೋಡಿದರು. ನಾನೂ ನೋಡಿದೆ. ತಿಳಿಯದೆ ಮಾಡಿದಳೇನೋ ಎಂದು ಅಪ್ಪನಿಗಾಗಿ ಇಟ್ಟುಕೊಂಡಿದ್ದ ಒಂದು ಚೂರು ಅನುಮಾನವೂ ಅಲ್ಲಿಗೆ ಸತ್ತಿತು.

ಮಣೆಯ ಮೇಲಿನ ಹುಡುಗಿ ಕಣ್ಣು ತೆರೆದಿದ್ದಳು. ಅತ್ತೆಯ ಮುಚ್ಚಿದ ಕೈಗಳನ್ನು ನೋಡಿದಳು, ನನ್ನ ಎಡಗೆನ್ನೆಯನ್ನು ನೋಡಿದಳು. ಆಮೇಲೆ ತಾನಾಗಿಯೇ ಮುಖ ತಗ್ಗಿಸಿ, ಅರಿಶಿನ ಹಚ್ಚಲು ಕಾಲನ್ನಷ್ಟೇ ಮುಂದೆ ಚಾಚಿದಳು.