ಭಾವನಿಗೆ ಬಿದ್ದ ಹುರಂಗದೇಟು

ಯಮುನೆಯಾಚೆಯ ಆ ಬ್ರಜದ ಹಳ್ಳಿಯಲ್ಲಿ ಶರ್ಬತಿಯ ಮುಖ ಕಂಡ ಗಂಡಸರಿಗಿಂತ ಅವಳ ಕೈರುಚಿ ಕಂಡವರೇ ಹೆಚ್ಚು. ಕೈರುಚಿ ಎಂದರೆ ಅಡುಗೆಯ ಮಾತಲ್ಲ. ವರ್ಷವಿಡೀ ಎಮ್ಮೆ ಕರೆದು, ಬೆರಣಿ ತಟ್ಟಿ, ಮೇವು ಕತ್ತರಿಸಿ ಗಟ್ಟಿಯಾದ ಆ ಕೈಗೆ ಹೋಳಿಯ ಮರುದಿನದ ಹುರಂಗದಲ್ಲಿ ಒದ್ದೆ ಬಟ್ಟೆಯ ಹುರಿ ಸಿಕ್ಕಿತೆಂದರೆ ಮುಗಿಯಿತು. ಅವತ್ತು ದೇವಸ್ಥಾನದ ಅಂಗಳದಲ್ಲಿ ಗಂಡಸರು ಬಣ್ಣದ ನೀರು ಎರಚುತ್ತಾರೆ, ಅತ್ತಿಗೆಯರು ಮೈದುನರನ್ನು ಅಟ್ಟಾಡಿಸಿ ಬಾರಿಸುತ್ತಾರೆ. ಶರ್ಬತಿ ನುಗ್ಗಿದ ಕಡೆ ಗುಂಪು ತಾನಾಗಿ ಸೀಳಿ ದಾರಿ ಬಿಡುತ್ತಿತ್ತು. ಅವಳ ಮೈದುನ ಲೋಕಮನ್ ಮಾತ್ರ ಪ್ರತಿ ವರ್ಷ ಈ ಸಲ ನೋಡು ಎಂದು ಮೀಸೆ ತಿರುವುವುದು, ಪ್ರತಿ ವರ್ಷ ಕಿವಿ ಹಿಡಿದು ಬಸ್ಕಿ ಹೊಡೆಯುವುದು ನಡೆದೇ ಇತ್ತು.

ಮನೆಯಲ್ಲಿ ಅವಳ ಬಾಯಿ ಕಟ್ಟಿಹಾಕುವವರೆಂದರೆ ಭಾವ ನಿಹಾಲ್ ಸಿಂಗ್ ಒಬ್ಬರೇ. ಗಂಡನ ಅಣ್ಣನೆದುರು ಮುಸುಕು ಸರಿಯುವಂತಿಲ್ಲ, ದನಿ ಕೇಳಿಸುವಂತಿಲ್ಲ. ನಿಹಾಲ್ ಸಿಂಗ್ ಅಂಗಳಕ್ಕೆ ಕಾಲಿಡುವ ಮುಂಚೆ ಗಂಟಲಲ್ಲಿ ಒಂದು ಕೆಮ್ಮು ಕೆಮ್ಮುತ್ತಿದ್ದರು. ಅದು ಕಿವಿಗೆ ಬಿದ್ದದ್ದೇ ಅವಳ ಕೈ ತಾನಾಗಿ ಮುಸುಕಿಗೆ ಹೋಗುತ್ತಿತ್ತು. ಉಪ್ಪಿನಕಾಯಿ ಬೇಕಾದರೆ ಅವರು ಗೋಡೆಯ ಕಡೆ ತಿರುಗಿ, ಮನೆಯಲ್ಲಿ ಉಪ್ಪಿನಕಾಯಿ ಇದೆಯೋ ಇಲ್ಲವೋ ಎಂದು ಗೊಣಗುವರು. ಇದೆ ಎನ್ನಲು ಅವಳು ಬಳೆ ಅಲ್ಲಾಡಿಸುವಳು. ಮದುವೆಯಾಗಿ ಬಂದಾಗಿನಿಂದ ಅವರಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ. ಹೆಂಡತಿ ತೀರಿಹೋದ ಮೇಲೆ ನಿಹಾಲ್ ಸಿಂಗ್ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಹೋಳಿಯ ದಿನಗಳಲ್ಲಿ ಗಂಡಸರ ಹೊರಕೋಣೆಯಾದ ಬೈಠಕ್‌ನ ಬಾಗಿಲು ಹಾಕಿಕೊಂಡು ಹುಕ್ಕಾ ಸೇದುತ್ತ ಕೂರುತ್ತಿದ್ದರು.

ಆ ವರ್ಷ ಅತ್ತೆ ಅಂಗೂರಿ ಮೂವರು ಗಂಡುಮಕ್ಕಳಿಗೂ ಒಂದೇ ಥಾನಿನಲ್ಲಿ ಹಳದಿ ಕುರ್ತಾ ಹೊಲಿಸಿದ್ದಳು. ಶರ್ಬತಿಯ ಗಂಡ ಗಿರ್ರಾಜ್ ತನ್ನ ಕುರ್ತಾ ಹಾಳಾದೀತೆಂದು ಹಳೆಯ ಬನಿಯನ್ನಿನಲ್ಲೇ ಹೊರಟ. ಲೋಕಮನ್ ಹೊಸದನ್ನೇ ತೊಟ್ಟು, ಹೊಸಿಲಲ್ಲಿ ನಿಂತು ಹಂಗಿಸಿದ:

“ಭಾಭಿ, ನಿಂಗೆ ವಯಸ್ಸಾಯ್ತು. ಈ ಸಲ ಬೇಲಿ ಪಕ್ಕ ಕೂತು ನೋಡು, ಸಾಕು.”

“ಹೋಗು ಲಾಲಾ, ಬೆನ್ನಿಗೆ ಎಣ್ಣೆ ಹಚ್ಕೊಂಡು ಹೋಗು,” ಎಂದಳು ಅವಳು. “ಏಟು ಜಾರುತ್ತೆ.”

ಅಂಗಳದಲ್ಲಿ ದೊಡ್ಡ ನಗಾರಿ ಗುಡುಗಲು ಶುರುವಾಗಿತ್ತು. ಹಂಡೆಗಳಲ್ಲಿ ಕುದಿಸಿ ಆರಿಸಿದ ಮುತ್ತುಗದ ಹೂವಿನ ನೀರು ಬಕೆಟ್ ಬಕೆಟ್ ಹಾರಿ, ನೆಲವೆಲ್ಲ ಕೇಸರಿ ಕೆಸರಾಯಿತು. ಮೇಲಿನ ಮಾಳಿಗೆಯಿಂದ ಮೂಟೆ ಮೂಟೆ ಗುಲಾಲು ಸುರಿದದ್ದೇ ಎದುರಿಗಿದ್ದವರ ಮೂಗು ಯಾವುದು, ಮೀಸೆ ಯಾವುದು ತಿಳಿಯದಾಯಿತು. ಹೆಂಗಸರು ಲಂಗ ಎತ್ತಿ ಕಟ್ಟಿ, ಮುಸುಕನ್ನು ಹಲ್ಲಲ್ಲಿ ಕಚ್ಚಿ, ಹಾಡಿನಲ್ಲೇ ಬೈಯುತ್ತ ನುಗ್ಗಿದರು. ಶರ್ಬತಿ ಜಾರಿದಳು, ಎದ್ದಳು, ನಗುತ್ತ ಇನ್ನೊಮ್ಮೆ ಜಾರಿದಳು. ಯಾರೋ ತಲೆ ಮೇಲೆ ಸುರಿದ ನೀರು ಬೆನ್ನಿನಲ್ಲಿ ಹರಿದು ಕಚಗುಳಿಯಿಟ್ಟಿತು. ಅವಳಿಗೆ ತನ್ನ ಹೆಸರೇ ಮರೆಯುವಷ್ಟು ಮತ್ತೇರಿತ್ತು, ಭಂಗಿನ ತೊಟ್ಟೂ ಕುಡಿಯದೆ.

ಆಗ ಕಂಡದ್ದು ಹಳದಿ ಕುರ್ತಾ. ನಗಾರಿಯ ಪಕ್ಕದಲ್ಲಿ, ಬೆನ್ನು ಇತ್ತ ಮಾಡಿ, ಎರಡೂ ಕೈ ಮೇಲೆತ್ತಿ, ತಾಳಕ್ಕೂ ಕಾಲಿಗೂ ಸಂಬಂಧವಿಲ್ಲದಂತೆ ಕುಣಿಯುತ್ತಿತ್ತು. ಶರ್ಬತಿ ಹುರಿಯನ್ನು ಇನ್ನೊಂದು ಸುತ್ತು ಬಿಗಿದು, ಹಿಂದಿನಿಂದ ಹೋಗಿ ಬಿಟ್ಟಳು ಒಂದು. ಕುರ್ತಾ ನೆಗೆದು ತಿರುಗಿತು. ಮುಖವೆಲ್ಲ ಗುಲಾಲಿನ ಮುದ್ದೆ. ತಪ್ಪಿಸಿಕೊಳ್ಳಲು ನೋಡಿದವನನ್ನು ಬಳೆಗೈಯಲ್ಲೇ ತಡೆದು ನಿಲ್ಲಿಸಿ, ಬೆನ್ನಿಗೆ ಮತ್ತೆ ಮತ್ತೆ ಬಾರಿಸಿದಳು. ಬಳೆಗಳು ಪಟಪಟನೆ ಒಡೆದವು. ಕುರ್ತಾದ ಬೆನ್ನು ಹರಿಯಿತು.

“ವಯಸ್ಸಾಯ್ತಾ ನಂಗೆ? ಹೇಳೋ, ಸೋಂಬೇರಿ ಕೋಣ, ಯಾರಿಗೆ ವಯಸ್ಸಾಯ್ತು?”

ಎಂದೂ ಬಾಯಿ ಮುಚ್ಚದ ಲೋಕಮನ್ ಯಾಕೆ ಸುಮ್ಮನಿದ್ದಾನೆ ಎಂದು ಅವಳಿಗೆ ಹೊಳೆಯಲೂ ಇಲ್ಲ. ಸುತ್ತಲಿನ ಗಂಡಸರು ಹೊಟ್ಟೆ ಹಿಡಿದು ನಗುತ್ತ ಕೂತುಬಿಟ್ಟಿದ್ದರು. ಮತ್ತೊಂದು ಏಟಿಗೆಂದು ಅವಳ ಕೈ ತಲೆಯ ಮೇಲೆ ಏರಿತ್ತು, ಅಷ್ಟರಲ್ಲಿ ಆ ಗುಲಾಲಿನ ಮುದ್ದೆ ಕೆಮ್ಮಿತು.

ಅದೇ ಕೆಮ್ಮು. ಶರ್ಬತಿಯ ಕೈಯಿಂದ ಹುರಿ ಜಾರಿತು. ಏರಿದ್ದ ಕೈ ಸೀದಾ ಬಂದು ಮುಸುಕನ್ನು ಗದ್ದದವರೆಗೆ ಎಳೆಯಿತು. ಹಾಗೇ ಹಿಂದೆ ಹಿಂದೆ ನಡೆದು, ಹಂಡೆಗೆ ತಾಗಿ, ಕೇಸರಿ ನೀರಲ್ಲಿ ದೊಪ್ಪನೆ ಕೂತಳು. ಆಮೇಲೆ ತಿಳಿದದ್ದು ಇಷ್ಟು: ನಿಹಾಲ್ ಸಿಂಗ್‌ರ ಬಾಲ್ಯದ ಗೆಳೆಯರು ಬೈಠಕ್‌ಗೇ ನುಗ್ಗಿ, ಬರೀ ಬಾದಾಮಿ ಹಾಲು ಎಂದು ಸುಳ್ಳು ಹೇಳಿ ಭಂಗಿನ ಠಂಡಾಯಿ ಕುಡಿಸಿ, ಎಳೆದು ತಂದಿದ್ದರು. ಲೋಕಮನ್ ಅಷ್ಟು ಹೊತ್ತೂ ಗೋಪುರದ ಕಟ್ಟೆ ಹತ್ತಿ ಕೂತು ನೋಡುತ್ತಿದ್ದ.

ಆ ಸಂಜೆ ಶರ್ಬತಿ ಕೊಟ್ಟಿಗೆ ಬಿಟ್ಟು ಹೊರಬರಲಿಲ್ಲ. ತವರಿಗೆ ಕಳಿಸಿಬಿಡು ಎಂದು ಗಂಡನ ಹತ್ತಿರ ಅತ್ತಳು. ಅಳುವ ನಡುವೆ ಆ ಕುಣಿತ ನೆನಪಾಗಿ ನಕ್ಕಳು. ನಕ್ಕದ್ದಕ್ಕೆ ಮತ್ತೆ ಅತ್ತಳು. ಗಿರ್ರಾಜ್ ಏನೂ ಸಹಾಯ ಮಾಡಲಿಲ್ಲ. ಅವನು ಹುಲ್ಲಿನ ಮೇಲೆ ಬಿದ್ದು ಉರುಳಾಡಿ ನಗುತ್ತಿದ್ದ.

ಬೆಳಗ್ಗೆ ನಿಹಾಲ್ ಸಿಂಗ್‌ಗೆ ಭುಜ ಎತ್ತಲಾಗಲಿಲ್ಲ. ಅಂಗೂರಿ ಎಣ್ಣೆಯಲ್ಲಿ ಅರಿಸಿನ ಕಾಯಿಸಿಕೊಂಡು ಬಂದು ಅಂಗಳದ ಮಂಚದ ಮೇಲೆ ಮಗನ ಬೆನ್ನು ತಿಕ್ಕಲು ಕೂತಳು. ಏನಾಯಿತೆಂದು ಕೇಳಿದ್ದಕ್ಕೆ ಅವರು ಎಮ್ಮೆ ಗುದ್ದಿತೆಂದರು.

“ಎಮ್ಮೆಗೆ ಬಳೆ ತೊಡಿಸಿದ್ಯಾರು?” ಎಂದಳು ಮುದುಕಿ. “ಬೆನ್ನೆಲ್ಲ ಬಳೆಚೂರು ಗೀರಿದೆ.”

ಅಡುಗೆಮನೆಯೊಳಗಿಂದ ನಗು ಸಿಡಿಯಿತು. ಶರ್ಬತಿ ಸೆರಗನ್ನು ಬಾಯಿಗೆ ತುರುಕಿದರೂ ಅದು ನಿಲ್ಲಲಿಲ್ಲ. ನಿಹಾಲ್ ಸಿಂಗ್ ಗೋಡೆಯ ಕಡೆ ನೋಡಿದರು, ಆಮೇಲೆ ನಿಧಾನವಾಗಿ ಬಾಗಿಲಿನ ಕಡೆ ತಿರುಗಿದರು.

“ಬಹೂ, ನಗು ಪರವಾಗಿಲ್ಲ. ಯಾಕೆ ಇಷ್ಟು ಏಟು ಬಿತ್ತು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನೀನು ಈ ಮನೆಗೆ ಬಂದಾಗಿಂದ ಅಡುಗೆ ಚೆನ್ನಾಗಿದೆ ಅಂತ ಒಂದು ದಿನಾನೂ ಹೇಳಿಲ್ಲ ನಾನು. ಅದಕ್ಕೇ ಇರ್ಬೇಕು.”

ಒಳಗೆ ಶರ್ಬತಿ ಮುಸುಕು ಎಳೆದುಕೊಂಡಳು. ಬಳೆ ಅಲ್ಲಾಡಿಸೋಣವೆಂದರೆ ಕೈಯಲ್ಲಿ ಬಳೆಯೇ ಇರಲಿಲ್ಲ. ಕೊನೆಗೆ ಮುಸುಕಿನ ಹಿಂದಿನಿಂದ ದನಿ ಬಂತು:

“ಅಮ್ಮಾ, ಭಾವನವರಿಗೆ ಹೇಳಿ. ಏಟು ಬಿದ್ದಿದ್ದು ಅಡುಗೆಗಲ್ಲ, ಕುಣಿತಕ್ಕೆ. ಅಷ್ಟು ಕೆಟ್ಟದಾಗಿ ಲೋಕಮನ್ ಬಿಟ್ರೆ ಇನ್ಯಾರೂ ಕುಣಿಯಲ್ಲ ಅಂದ್ಕೊಂಡಿದ್ದೆ.”

ನಿಹಾಲ್ ಸಿಂಗ್‌ರ ಗಂಟಲಿನಿಂದ ಏನೋ ಹೊರಟಿತು. ಮೊದಲು ನೋವಿನ ನರಳಾಟವೆಂದೇ ಅಂಗೂರಿ ಗಾಬರಿಬಿದ್ದಳು. ಬೆನ್ನು ಕುಲುಕತೊಡಗಿದಾಗ ಅದು ನಗುವೆಂದು ಗೊತ್ತಾಯಿತು. ಅಯ್ಯೋ ಭುಜ ಎನ್ನುತ್ತಲೇ ನಕ್ಕರು, ಮಂಚ ಹಿಡಿದುಕೊಂಡು ನಕ್ಕರು. ಮುದುಕಿ ಅವರನ್ನೇ ನೋಡಿದಳು. ಆಮೇಲೆ ಬಟ್ಟಲಿಗೆ ಅಂಗೈ ಅದ್ದಿ, ಅರಿಸಿನದೆಣ್ಣೆಯನ್ನು ಆ ದೊಡ್ಡ ಮಗನ ಮುಖಕ್ಕೆ, ಮೀಸೆಗೆ, ಕಿವಿಗೆ ಬಳಿದಳು. ಎದ್ದು ಅಡುಗೆಮನೆಗೆ ಹೋಗಿ, ಮಿಕ್ಕದ್ದರಲ್ಲಿ ಒಂದಿಷ್ಟನ್ನು ಸೊಸೆಯ ಮುಸುಕಿನೊಳಗೆ ಕೈಹಾಕಿ ಬಳಿದಳು. ಲೋಕಮನ್ ಆಗ ತಾನೇ ಊರಿಗೆ ಹಾಲು ಹಾಕಿ ಬಂದು ಬಾಗಿಲಲ್ಲಿ ಸೈಕಲ್ ನಿಲ್ಲಿಸುತ್ತಿದ್ದ. ಬಟ್ಟಲಲ್ಲಿ ಇನ್ನೂ ಎಣ್ಣೆಯಿತ್ತು. ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು.